ನಿಮ್ಮ ವೆಬ್‌ಸೈಟಲ್ಲಿ ಓಡೋ ಫೋಟೋ ಇದೆ, ರಿಜಿಸ್ಟ್ರೇಶನ್ ನಂಬರ್ ಎಲ್ಲಿದೆ?

ದಾವಣಗೆರೆಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡೋ ಕೆಲಸ ನನ್ನದು. ಬರುವವರು ಹೆಚ್ಚಾಗಿ ಡಾಕ್ಟರು, ವಕೀಲರು, ಆಡಿಟರು, ಮನೆ ಕಟ್ಟೋ ಇಂಜಿನಿಯರುಗಳು. ಎಲ್ಲರೂ ಕೇಳೋದು ಒಂದೇ. "ನೋಡಿದ ತಕ್ಷಣ ಜನಕ್ಕೆ ನಂಬಿಕೆ ಬರ್ಬೇಕು ನೋಡ್ರಿ." ಸರಿ, ಏನೇನು ಹಾಕೋಣ ಹೇಳಿ ಅಂದರೆ ಪಟ್ಟಿ ಶುರುವಾಗುತ್ತದೆ. ಸರ್ರಂತ ಓಡೋ ಫೋಟೋ ಬೇಕು. ಸೊನ್ನೆಯಿಂದ ಹತ್ತು ಸಾವಿರಕ್ಕೆ ಏರಿ ನಿಲ್ಲೋ "ಹ್ಯಾಪಿ ಕ್ಲೈಂಟ್ಸ್" ನಂಬರ್ ಬೇಕು. ಬಿಳಿ ಕೋಟು ಹಾಕಿ ಕೈ ಕಟ್ಟಿ ನಗೋ ಯಾವುದೋ ದೇಶದ ಡಾಕ್ಟರ ಫೋಟೋ ಬೇಕು. ನಿಮ್ಮ ರಿಜಿಸ್ಟ್ರೇಶನ್ ನಂಬರ್ ಕೊಡಿ ಸರ್ ಅಂದರೆ ಮಾತ್ರ "ಅದ್ಯಾಕ್ರಿ, ಅದನ್ನ ಯಾರು ನೋಡ್ತಾರೆ?" ಅಂತಾರೆ.

ನಾನು ಹೇಳೋದು ಪೂರಾ ಉಲ್ಟಾ. ನಿಮ್ಮನ್ನು ಕೇಳದೆ ಜನ ಬೇರೆ ಕಡೆ ತಾಳೆ ನೋಡಬಹುದಾದ ಸಂಗತಿ ನಿಮ್ಮ ವೆಬ್‌ಸೈಟಲ್ಲಿ ಎಷ್ಟಿದೆಯೋ, ನಂಬಿಕೆಯೂ ಅಷ್ಟೇ ಹುಟ್ಟುತ್ತದೆ. ಸುಳ್ಳು ಬರೆದರೆ ಸಿಕ್ಕಿಬೀಳೋ ಅಂಥ ಮಾತು ಬರೆಯಬೇಕು. "ಗುಣಮಟ್ಟವೇ ನಮ್ಮ ಗುರಿ" ಅಂತ ಬರೆದವನು ಯಾವತ್ತೂ ಸಿಕ್ಕಿಬೀಳಲ್ಲ. ಅದಕ್ಕೇ ಆ ಮಾತಿಗೆ ಬೆಲೆ ಇಲ್ಲ.

ಇದಕ್ಕೊಂದು ರೆಡಿ ಉತ್ತರ ಇದೆ, ಗೊತ್ತು. ನಮ್ಮೂರಲ್ಲಿ ಯಾರಾದರೂ ಬೋರ್ಡ್ ನೋಡಿಕೊಂಡು ಬೆಣ್ಣೆದೋಸೆ ತಿನ್ನೋಕೆ ಹೋಗ್ತಾರಾ, ಬಾಯಿಂದ ಬಾಯಿಗೆ ಹೋಗೋದೇ ಹೆಸರು, ವೆಬ್‌ಸೈಟ್ ಸುಮ್ನೆ ಇರಲಿ ಅಂತ ಮಾಡಿಸೋದು, ಅಲ್ವಾ? ಅಲ್ಲ. ನಿಮ್ಮ ಹೆಸರು ಗೊತ್ತಿರುವ ಪಿ.ಜೆ. ಬಡಾವಣೆಯವರು ನಿಮ್ಮ ವೆಬ್‌ಸೈಟ್ ತೆಗೆಯೋದೇ ಇಲ್ಲ, ಸೀದಾ ಬಂದು ಕೂರುತ್ತಾರೆ. ತೆಗೆಯೋರು ಬೇರೆ. ಜಗಳೂರಿನಿಂದ ಬಸ್ಸಿಗೆ ಬರಬೇಕಾದವರು. ಇಲ್ಲೇ ನಿಟ್ಟುವಳ್ಳಿಯಲ್ಲಿ ಇರೋ ಅಪ್ಪನಿಗೆ ಮಂಡಿನೋವು ಅಂತ ಬೆಂಗಳೂರಿನಿಂದ ಫೋನಲ್ಲಿ ಹುಡುಕೋ ಮಗಳು. ಚನ್ನಗಿರಿಯಲ್ಲಿ ಅಡಿಕೆ ತೋಟ ಇಟ್ಟುಕೊಂಡು ಇಲ್ಲಿನ ಕೋರ್ಟಲ್ಲಿ ಭಾಗದ ಕೇಸು ಹಾಕಬೇಕು ಅಂದುಕೊಂಡವರು. ಇವರಿಗೆ ಕೇಳೋಕೆ ಇಲ್ಲಿ ಯಾರೂ ಇಲ್ಲ. ಯಾರಾದರೂ ಇದ್ದಿದ್ದರೆ ಗೂಗಲ್ ಮಾಡುತ್ತಲೇ ಇರಲಿಲ್ಲ.

ಹಾಗಂತ ಅಂದಚೆಂದ ಬೇಡವೇ ಬೇಡ ಅಂತ ನಾನು ಹೇಳಲ್ಲ. ಹೇಳಿದರೆ ನನ್ನ ಹೊಟ್ಟೆಪಾಡೇ ಹೋಗುತ್ತದೆ. 2002ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ.ಜೆ. ಫಾಗ್ ಮತ್ತು ಅವರ ತಂಡ 2,684 ಜನಕ್ಕೆ ವೆಬ್‌ಸೈಟ್‌ಗಳನ್ನು ತೋರಿಸಿ, ಯಾವುದನ್ನು ನಂಬ್ತೀರಿ, ಯಾಕೆ ನಂಬ್ತೀರಿ ಅಂತ ಕೇಳಿದ್ದರು. ಜನ ಬರೆದ ಅನಿಸಿಕೆಗಳಲ್ಲಿ ಶೇ. 46.1ರಷ್ಟು ಬರೀ ನೋಟದ ಬಗ್ಗೆ ಇದ್ದವು. ಅಕ್ಷರ ಹೇಗಿದೆ, ಬಣ್ಣ ಹೇಗಿದೆ, ಅಚ್ಚುಕಟ್ಟಾಗಿದೆಯಾ, ಇಷ್ಟೇ. ನಮ್ಮ ಕಸುಬಿನವರು ಇದೊಂದು ಅಂಕಿ ಹಿಡಿದುಕೊಂಡು ಇವತ್ತಿಗೂ ಡಿಸೈನ್ ಮಾರುತ್ತಾರೆ. ಅದೇ ಹೊತ್ತಿಗೆ ನಡೆದ ಇನ್ನೊಂದು ಅಧ್ಯಯನದ ಸುದ್ದಿ ಮಾತ್ರ ಎತ್ತಲ್ಲ. ಅದರಲ್ಲಿ ಆರೋಗ್ಯ ಮತ್ತು ಹಣಕಾಸಿನ ವಿಷಯ ಬಲ್ಲ 15 ಜನಕ್ಕೆ ಇದೇ ಪ್ರಶ್ನೆ ಕೇಳಿದ್ದರು. ಅವರು ನೋಟಕ್ಕೆ ಅಷ್ಟೇನೂ ಬೆಲೆ ಕೊಡಲಿಲ್ಲ. ಬರೆದವರು ಯಾರು, ಮಾಹಿತಿ ಎಲ್ಲಿಂದ ಬಂತು ಅಂತ ನೋಡಿದರು. ನಾನು ಇದನ್ನು ಅರ್ಥ ಮಾಡಿಕೊಂಡಿರೋದು ಹೀಗೆ. ನೋಟ ಕೆಟ್ಟದಾಗಿದ್ದರೆ ಜನ ಬಾಗಿಲಲ್ಲೇ ವಾಪಸ್ ಹೋಗುತ್ತಾರೆ. ಒಳಗೆ ಬಂದಮೇಲೆ ಕೂರಿಸೋದು ಬೇರೆ. ಕಾಯಿಲೆ, ಕೇಸು, ದುಡ್ಡು ಅಂತ ಬಂದಾಗ ಯಾರೇ ಆಗಲಿ ಅರ್ಧ ಪತ್ತೇದಾರ ಆಗಿರ್ತಾರೆ.

ಈಗ ಆ ರಿಜಿಸ್ಟ್ರೇಶನ್ ನಂಬರ್ ವಿಷಯ. ಡಾಕ್ಟರುಗಳಿಗೆ ಇದು ಹೊಸ ಮಾತೇ ಅಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳಲ್ಲಿ, ಕ್ಲಿನಿಕ್‌ನಲ್ಲಿ, ಬರೆದುಕೊಡೋ ಚೀಟಿಯಲ್ಲಿ, ಸರ್ಟಿಫಿಕೇಟ್‌ನಲ್ಲಿ, ದುಡ್ಡಿನ ರಸೀದಿಯಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು ಅಂತ ಇದೆ. ಚೀಟಿಯಲ್ಲಿ ಹಾಕಿಕೊಂಡಿರೋದನ್ನೇ ವೆಬ್‌ಸೈಟಲ್ಲೂ ಹಾಕಿದರೆ ಆಯ್ತಪ್ಪ. ಆ ಮಂಡಳಿಯ ಜಾಗಕ್ಕೆ ಈಗ ಬಂದಿರೋ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಡಾಕ್ಟರುಗಳ ಪಟ್ಟಿ ಇದೆ. ಹೆಸರು ಇಲ್ಲವೇ ನಂಬರ್ ಹಾಕಿ ಯಾರು ಬೇಕಾದರೂ ಹುಡುಕಬಹುದು. ಪದವಿ ಬರೆಯುವಾಗ ಓದಿದ ಕಾಲೇಜು, ಪಾಸಾದ ವರ್ಷ ಸೇರಿಸಿ. ನಮ್ಮೂರಿನ ಜೆಜೆಎಂ ಮೆಡಿಕಲ್ ಕಾಲೇಜಲ್ಲಿ ಓದಿದ್ದೀನಿ ಅಂತ ಬರೆದರೆ ಈ ಕಡೆ ಜನಕ್ಕೆ ಅದೊಂದು ಗುರುತು. ಹೆಸರಿನ ಮುಂದೆ ಅರ್ಥವಾಗದ ಇಂಗ್ಲಿಷ್ ಅಕ್ಷರ ಎರಡು ಸಾಲು ತುಂಬಿಸಿದರೆ ಗೊಂದಲವೇ ಜಾಸ್ತಿ. ಮೂರು ದಿನದ ಕೋರ್ಸಿನ ಸರ್ಟಿಫಿಕೇಟನ್ನೂ ಎಂ.ಡಿ. ಪಕ್ಕ ಕೂರಿಸೋರು ಇದ್ದಾರೆ. ತಿಳಿದವರು ನೋಡಿದರೆ ಆ ಎಂ.ಡಿ. ಮೇಲೂ ಅನುಮಾನ ಪಡ್ತಾರೆ.

ವಕೀಲರ ಕಥೆ ಇನ್ನೂ ಮಜಾ ಇದೆ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡೋ ಹಾಗಿಲ್ಲ, ಕೆಲಸ ಕೇಳಿಕೊಂಡು ಹೋಗೋ ಹಾಗಿಲ್ಲ. 2008ರಲ್ಲಿ ತಿದ್ದುಪಡಿ ಬಂದು ವೆಬ್‌ಸೈಟ್ ಇಟ್ಟುಕೊಳ್ಳಬಹುದು ಅಂತಾಯಿತು. ಏನು ಹಾಕಬಹುದು ಅಂತಾನೂ ಹೇಳಿದ್ದಾರೆ. ಹೆಸರು, ವಿಳಾಸ, ಫೋನ್, ಇಮೇಲ್, ಸನ್ನದು (ಅಂದರೆ ವಕೀಲಿಕೆಯ ನೋಂದಣಿ) ಸಂಖ್ಯೆ, ಸನ್ನದು ಆದ ದಿನ, ಯಾವ ರಾಜ್ಯದ ಪರಿಷತ್ತು, ಯಾವ ವಕೀಲರ ಸಂಘ, ಓದು, ಯಾವ ಬಗೆಯ ಕೇಸು ನೋಡುತ್ತಾರೆ. ಮುಗೀತು. ಅಂದರೆ "ಜಿಲ್ಲೆಯ ನಂಬರ್ ಒನ್ ವಕೀಲರು", "ಶೇ. 99 ಗೆಲುವು" ಇವೆಲ್ಲ ಹಾಕಿದರೆ ನಂಬಿಕೆ ಬರೋದು ಆಮೇಲಿನ ಮಾತು, ಮೊದಲು ನೋಟಿಸ್ ಬರುತ್ತದೆ. ಹೀಗೆ ಹೇಳಿದಾಗ ಒಬ್ಬರು ಹಿರಿಯ ವಕೀಲರು ನಕ್ಕು, "ಅಷ್ಟೇ ಹಾಕಿದ್ರೆ ಏನೋ ಖಾಲಿ ಖಾಲಿ ಕಾಣ್ತೈತಲ್ಲೋ ತಮ್ಮಾ" ಅಂದರು. ಕಾಣಲಿ ಬಿಡಿ ಸರ್. ವಕೀಲಿಕೆಯಲ್ಲಿ ಅಷ್ಟು ವರ್ಷ ಇದ್ದೀರಿ ಅನ್ನೋದನ್ನು ನಿಮ್ಮ ಸನ್ನದಿನ ತಾರೀಖೇ ಹೇಳುತ್ತದೆ.

ಆಡಿಟರುಗಳಿಗೆ ಸದಸ್ಯತ್ವ ಸಂಖ್ಯೆ ಇದೆ. ಅವರು ಕೊಡೋ ಸರ್ಟಿಫಿಕೇಟ್‌ಗೆ ಅಂಕಿ, ಅಕ್ಷರ ಸೇರಿ 18 ಇರೋ ಯುಡಿಐಎನ್ ಅನ್ನೋ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಆನ್‌ಲೈನಲ್ಲಿ ಹೇಗೆ ಪರೀಕ್ಷೆ ಮಾಡೋದು ಅಂತ ಒಂದು ಪುಟ ಬರೆದುಬಿಡಿ. ಬ್ಯಾಂಕಿಗೆ ಪೇಪರ್ ಕೊಟ್ಟು ಕಾಯುತ್ತಿರೋ ವ್ಯಾಪಾರಸ್ಥನಿಗೆ ಅದಕ್ಕಿಂತ ಉಪಯೋಗದ ಪುಟ ಇನ್ನೊಂದಿಲ್ಲ.

ಮನೆ ಪ್ಲಾನ್ ಮಾಡೋರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯಬೇಕು, ಯಾಕೆಂದರೆ ಅಲ್ಲಿ ಗೋಲ್‌ಮಾಲ್ ಜಾಸ್ತಿ. 1972ರ ಕಾಯ್ದೆ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿ ಆದವರು ಮಾತ್ರ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳಬಹುದು. ಸಿವಿಲ್ ಇಂಜಿನಿಯರ್ ಆಗಿದ್ದರೆ ಇಂಜಿನಿಯರ್ ಅಂತಲೇ ಹಾಕಿ, ಅದೇನು ಕಮ್ಮಿ ಓದಲ್ಲ. ಆಮೇಲೆ ಫೋಟೋ. ಪಿಂಟರೆಸ್ಟ್ ಅನ್ನೋ ಫೋಟೋ ವೆಬ್‌ಸೈಟಿನಿಂದ ಎತ್ತಿದ ಎಲಿವೇಶನ್ (ಮನೆ ಮುಂಭಾಗದ ಚಿತ್ರ) ಹಾಕಿ "ನಮ್ಮ ಕೆಲಸಗಳು" ಅಂತ ಬರೆಯೋದು ಎಷ್ಟು ಜನ! ಗಾಜಿನ ಗೋಡೆ, ಈಜುಕೊಳ, ಹಿಂದೆ ಹಿಮದ ಬೆಟ್ಟ. ದಾವಣಗೆರೆಯಲ್ಲಿ ಎಲ್ಲಿದೆ ಸ್ವಾಮಿ ಆ ಬೆಟ್ಟ? ಈಗ ಪಿಯುಸಿ ಓದೋ ಹುಡುಗನೂ ಗೂಗಲ್ ಲೆನ್ಸ್ ಹಿಡಿದು ಅದು ಯಾವ ದೇಶದ ಮನೆ ಅಂತ ಹೇಳ್ತಾನೆ. ಅದರ ಬದಲು ಹದಡಿ ರಸ್ತೆ ಕಡೆ ನೀವು ಕಟ್ಟಿಸಿದ 30-40 ಸೈಟಿನ ಮನೆ ಹಾಕಿ. ಮುಂದೆ ನಲ್ಲಿ ನೀರಿನ ಸಂಪು, ಪಕ್ಕದ ಮನೆ ಗೋಡೆ, ಮೇಲೆ ಕರೆಂಟ್ ವೈರ್ ಎಲ್ಲ ಕಾಣಲಿ. ಮನೆಯವರ ಒಪ್ಪಿಗೆ ಕೇಳಿ ಹಾಕಿ. ಪಾಯ ತೆಗೆದಾಗಿನದು, ಕಂಬಿ ಕಟ್ಟಿದಾಗಿನದು, ಮೋಲ್ಡ್ ಹಾಕಿದ ದಿನದ್ದು, ಮುಗಿದ ಮೇಲಿನದು ಅಂತ ಒಂದೇ ಮನೆಯ ನಾಲ್ಕು ಹಂತದ ಫೋಟೋ ಹಾಕಿದರೆ ಅದನ್ನು ಯಾರೂ ಕದ್ದದ್ದು ಅನ್ನಲ್ಲ. ನಾಲ್ಕು ಹಂತದ ಫೋಟೋ ಇರೋದು ಕಟ್ಟಿಸಿದವರ ಹತ್ತಿರ ಮಾತ್ರ.

ಡಾಕ್ಟರ ವೆಬ್‌ಸೈಟಿಗೂ ಇದೇ ಮಾತು. ನಿಮ್ಮ ಮುಖ, ನಿಮ್ಮ ಕ್ಲಿನಿಕ್ಕಿನ ಬಾಗಿಲು, ನಿಮ್ಮ ಸಿಸ್ಟರ್. ಮೆಟ್ಟಿಲು ಎಷ್ಟಿದೆ, ಲಿಫ್ಟ್ ಇದೆಯಾ ಅಂತ ಫೋಟೋದಲ್ಲಿ ಕಂಡರೆ ಮಂಡಿನೋವಿನ ಅಪ್ಪನನ್ನು ಕರೆತರೋ ಮಗಳಿಗೆ ಅರ್ಧ ಚಿಂತೆ ಕಮ್ಮಿ. ರೋಗಿಯ ಫೋಟೋ ಮಾತ್ರ ಬೇಡ. ಒಪ್ಪಿಗೆ ಇಲ್ಲದೆ ಗುರುತು ಸಿಗೋ ಹಾಗೆ ಪ್ರಕಟಿಸಬಾರದು ಅಂತ ಅದೇ 2002ರ ನಿಯಮಗಳಲ್ಲಿದೆ. ಸಕ್ಕರೆ ಕಾಯಿಲೆ ಬುಡಸಮೇತ ವಾಸಿ ಮಾಡೋ ಔಷಧಿ ಅಂತ ಜಾಹೀರಾತು ಹಾಕೋರಿಗಂತೂ 1954ರಿಂದಲೇ ಒಂದು ಕಾಯ್ದೆ ಅಡ್ಡ ಇದೆ. ಆದರೂ ಹಾಕ್ತಾರೆ.

ಇನ್ನು ರಿವ್ಯೂ. ಒಂದೇ ವಾರದಲ್ಲಿ ಬಂದ, ಎಲ್ಲಾ ಐದೈದು ಸ್ಟಾರಿನ, ಎಲ್ಲಾ "ಗುಡ್ ಸರ್ವೀಸ್" ಅನ್ನೋ ರಿವ್ಯೂ ನೋಡಿದರೆ ನನಗೆ ಬರೋದು ಅನುಮಾನ. ದುಡ್ಡು, ಗಿಫ್ಟು, ರಿಯಾಯಿತಿ ಕೊಟ್ಟು ರಿವ್ಯೂ ಬರೆಸೋದು ಗೂಗಲ್ ನಿಯಮಕ್ಕೇ ವಿರುದ್ಧ. ಸಿಕ್ಕರೆ ತೆಗೆದುಹಾಕುತ್ತಾರೆ. ಮೂರು ಸ್ಟಾರ್ ಕೊಟ್ಟು "ಡಾಕ್ಟ್ರು ಒಳ್ಳೆಯವರು, ಆದರೆ ಎರಡು ಗಂಟೆ ಕಾಯಿಸಿದರು" ಅಂತ ಬರೆದವರು ನಿಮಗೆ ಉಪಕಾರ ಮಾಡಿದ್ದಾರೆ ಅಂತ ತಿಳಿಯಿರಿ. ಅದರ ಕೆಳಗೆ ಜಗಳ ಆಡದೆ, ಸೋಮವಾರ ರಶ್ ಜಾಸ್ತಿ ಇರುತ್ತೆ, ಬುಧವಾರ ಬೆಳಿಗ್ಗೆ ಬಂದರೆ ಬೇಗ ಆಗುತ್ತೆ ಅಂತ ಎರಡು ಸಾಲು ಬರೆದರೆ, ಓದೋರಿಗೆ ಒಳಗಡೆ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾಗುತ್ತದೆ. ಬರೆಯುವಾಗ ಅವರ ಕಾಯಿಲೆ ಹೆಸರು ಎತ್ತಬೇಡಿ, ಅಷ್ಟು ಸಾಕು.

ಫೀಸು, ಟೈಮು, ಜಾಗ. ಈ ಮೂರನ್ನು ಮುಚ್ಚಿಡೋದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಕಾಣೋ ಹಾಗೆ ಹಾಕಬೇಕು ಅಂತ ಕರ್ನಾಟಕದಲ್ಲಿ ಕಾಯ್ದೆಯೇ ಇದೆ. ಗೋಡೆ ಮೇಲೆ ಇರೋದನ್ನು ವೆಬ್‌ಸೈಟಿಗೆ ಏರಿಸೋಕೆ ಹತ್ತು ನಿಮಿಷ ಸಾಕು. ಜಗಳೂರಿನಿಂದ ಬಂದವರು ಭಾನುವಾರ ಬಾಗಿಲಿಗೆ ಬೀಗ ನೋಡಿಕೊಂಡು ವಾಪಸ್ ಹೋದರೆ ಅವರು ಮತ್ತೆ ನಿಮ್ಮ ವೆಬ್‌ಸೈಟಿನ ಯಾವ ಸಾಲನ್ನೂ ನಂಬಲ್ಲ. ವಿಳಾಸದಲ್ಲಿ "ಎಂಸಿಸಿ ಬಿ ಬ್ಲಾಕ್, ದಾವಣಗೆರೆ" ಅಂತ ಬರೆದು ಬಿಟ್ಟರೆ ಊರವರಿಗೇ ಸಿಗಲ್ಲ. ಎಷ್ಟನೇ ಕ್ರಾಸು, ಯಾವುದರ ಎದುರು, ಬಸ್ ಸ್ಟ್ಯಾಂಡಿಂದ ಆಟೋದವನಿಗೆ ಏನಂತ ಹೇಳಬೇಕು, ಅದನ್ನು ಬರೆಯಿರಿ. ಗೂಗಲ್ ಮ್ಯಾಪಿನ ಪಿನ್ ಒಂದ್ಸಲ ನೀವೇ ಒತ್ತಿಕೊಂಡು ಹೋಗಿ ನೋಡಿ. ಪಿನ್ ಹಿಂದಿನ ಬೀದಿಯಲ್ಲಿ ಇರೋದು ತುಂಬಾ ಸಾಮಾನ್ಯ.

ಬ್ರೌಸರಿನಲ್ಲಿ ವೆಬ್‌ಸೈಟ್ ವಿಳಾಸದ ಪಕ್ಕ ಬರೋ ಬೀಗದ ಚಿತ್ರದ ಬಗ್ಗೆ ಒಂದು ಮಾತು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿಎಸ್ (ನಡುವೆ ಯಾರೂ ಓದದ ಹಾಗೆ ಮಾಹಿತಿ ಕಳಿಸೋ ವ್ಯವಸ್ಥೆ) ಇಲ್ಲದ ಎಲ್ಲಾ ವೆಬ್‌ಸೈಟಿಗೂ "ಸುರಕ್ಷಿತವಲ್ಲ" ಅಂತ ತೋರಿಸೋಕೆ ಶುರು ಮಾಡಿತು. ಇವತ್ತಿಗೂ ಹಾಗೆ ತೋರಿಸೋ ಡಾಕ್ಟರ ವೆಬ್‌ಸೈಟ್ ನೋಡಿದ್ದೀನಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟನ್ನು ಪುಕ್ಕಟೆ ಕೊಡುತ್ತದೆ. ಅದಕ್ಕೆ ಅಂತ ಪ್ರತಿ ವರ್ಷ ಸಾವಿರಗಟ್ಟಲೆ ಬಿಲ್ ಮಾಡೋರನ್ನು ಯಾಕೆ ಅಂತ ಕೇಳಿ. ಹಾಗಂತ ಬೀಗ ಇದೆ ಅಂದರೆ ವೆಬ್‌ಸೈಟ್ ಸಾಚಾ ಅಂತಲೂ ಅಲ್ಲ. ಮೋಸದ ವೆಬ್‌ಸೈಟಿಗೂ ಅದು ಸಿಗುತ್ತದೆ. ಜನ ಬೀಗ ನೋಡಿ ತಪ್ಪು ತಿಳಿಯುತ್ತಾರೆ ಅಂತಲೇ 2023ರಲ್ಲಿ ಕ್ರೋಮ್ ಕಂಪ್ಯೂಟರಿನಲ್ಲಿ ಆ ಚಿತ್ರ ತೆಗೆದು ಬೇರೆ ಚಿತ್ರ ಹಾಕಿತು.

ಕನ್ನಡದ ಪುಟ ಇರಲೇಬೇಕು, ಅದನ್ನು ಯಂತ್ರಕ್ಕೆ ಬಿಡಬೇಡಿ. ಹಳೇ ಫಾಂಟಲ್ಲಿ ಟೈಪ್ ಮಾಡಿ ಏರಿಸಿದರೆ ಫೋನಲ್ಲಿ ಚಿತ್ರವಿಚಿತ್ರ ಅಕ್ಷರ ಬರುತ್ತದೆ. ಕನ್ನಡವನ್ನು ಫೋಟೋ ಮಾಡಿ ಅಂಟಿಸಿದರೆ ಹುಡುಕಿದವರಿಗೆ ಸಿಗೋದು ಕಷ್ಟ. ಎಲ್ಲಾ ಫೋನಲ್ಲೂ ಸರಿಯಾಗಿ ಕಾಣೋ ಯುನಿಕೋಡಲ್ಲಿ, ನೀವು ರೋಗಿ ಹತ್ತಿರ ಮಾತಾಡೋ ಹಾಗೆ ಬರೆಯಿರಿ.

ಕೊನೆಗೆ, ಯಾರೂ ಕೇಳದ ಪ್ರಶ್ನೆ. ನಿಮ್ಮ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಯಾರ ಹೆಸರಲ್ಲಿ ಇದೆ? ಹತ್ತರಲ್ಲಿ ಅರ್ಧ ಜನಕ್ಕೂ ಗೊತ್ತಿರಲ್ಲ ಅಂತ ನನ್ನ ಅಂದಾಜು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ತನ್ನ ಅಕೌಂಟಿನಲ್ಲೇ ತಗೊಂಡಿರ್ತಾನೆ, ಆಮೇಲೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ನಂಬರ್ ಬದಲಾಯಿಸ್ತಾನೆ, ರಿನ್ಯೂವಲ್ ಮೇಲ್ ಅವನಿಗೆ ಹೋಗುತ್ತೆ, ನಿಮಗೆ ಗೊತ್ತೇ ಆಗಲ್ಲ. ಡಾಟ್ ಕಾಮ್ ಆದರೆ ಅವಧಿ ಮುಗಿದು ರಿಜಿಸ್ಟ್ರಾರ್ (ಡೊಮೇನ್ ಮಾರೋ ಕಂಪನಿ) ಅದನ್ನು ಅಳಿಸಿದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ ಇನ್ನೈದು ದಿನ ಬಿಟ್ಟು ಯಾರು ಬೇಕಾದರೂ ತಗೊಳ್ಳಬಹುದು. ತಗೊಳ್ಳೋರು ಇದ್ದೇ ಇರ್ತಾರೆ, ಯಾಕೆಂದರೆ ಹಳೇ ಹೆಸರಿಗೆ ಗೂಗಲಲ್ಲಿ ಬೆಲೆ ಇದೆ. ಡಾಕ್ಟರ ಹೆಸರಿನ ವಿಳಾಸ ಒತ್ತಿದರೆ ಬೆಟ್ಟಿಂಗ್ ಪುಟ ತೆರೆದುಕೊಳ್ಳುತ್ತದೆ. ಇದು ಕಲ್ಪನೆ ಅಲ್ಲ, ನೋಡಿದ್ದೀನಿ. ಆ ವಿಳಾಸ ಆಗಲೇ ಚೀಟಿಯ ಮೇಲೆ, ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚಾಗಿರುತ್ತದೆ.

ಅದಕ್ಕೆ ರಿಜಿಸ್ಟ್ರಾರ್ ಅಕೌಂಟ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಲ್ಲಿ, ನಿಮ್ಮ ಫೋನ್ ನಂಬರಲ್ಲಿ ಇರಲಿ. ಮಾಡಿಕೊಟ್ಟವರು ನಾನೇ ಆಗಿದ್ದರೂ ಸರಿ, ಲಾಗಿನ್ ಕೇಳಿ ತಗೊಳ್ಳಿ. ಬೇರೆಯವರ ಅಕೌಂಟಲ್ಲಿ ಇದ್ದರೆ ಟ್ರಾನ್ಸ್‌ಫರ್ ಕೋಡ್ ಕೇಳಿ, ಅವರ ನಂಬರ್ ಇನ್ನೂ ರಿಂಗ್ ಆಗುತ್ತಿರುವಾಗಲೇ.