ಒರಳುಕಲ್ಲಿಗೆ ಬಡ್ತಿ

ಮಲೆನಾಡಿನ ಹಳೆಯ ತೊಟ್ಟಿಮನೆಗಳಿಗೆ ಈಗ ಎರಡೇ ಗತಿ. ಒಂದೋ ಜೆಸಿಬಿ ಬರುತ್ತದೆ, ಇಲ್ಲವೇ ಬೆಂಗಳೂರಿನಿಂದ ಇಂಟೀರಿಯರ್ ಡಿಸೈನರ್ ಬರುತ್ತಾನೆ. ಜೆಸಿಬಿಯಾದರೆ ಅರ್ಧ ದಿನದಲ್ಲಿ ಎಲ್ಲ ಮುಗಿಯುತ್ತದೆ. ಡಿಸೈನರ್ ಬಂದರೆ ಆರು ತಿಂಗಳು, ಜತೆಗೆ ಜಿಎಸ್‌ಟಿ.

ಬಂದವನೇ ಲೇಸರ್ ಮೀಟರ್ ಹಿಡಿದು ಮನೆ ಅಳೆಯುತ್ತಾನೆ. ಕಟ್ಟಿದ ಆಚಾರಿ ಗೇಣು, ಮೊಳ ಹಾಕಿದವನು, ಹಾಗಾಗಿ ಯಂತ್ರದ ಕಣ್ಣಿಗೆ ಒಂದು ಗೋಡೆಯೂ ನೆಟ್ಟಗಿಲ್ಲ. "ಹಳೇ ಮನೆಯ ಆತ್ಮ ಹಾಗೇ ಇರುತ್ತೆ ಸರ್, ಲುಕ್ ಮಾತ್ರ ಕಂಟೆಂಪರರಿ" ಎನ್ನುತ್ತಾನೆ. ಆತ್ಮಕ್ಕೆ ಚದರಡಿ ಲೆಕ್ಕವಿಲ್ಲ, ಲುಕ್ಕಿಗೆ ಇದೆ.

ಮೊದಲ ಪೆಟ್ಟು ಗೋಡೆಗೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬೇಸಗೆಯಲ್ಲಿ ಬಿಡುತ್ತದೆ. ಮೇಲೆ ಸುಣ್ಣ ಇದ್ದಷ್ಟು ದಿನ ಆ ವ್ಯವಹಾರ ಸಲೀಸಾಗಿ ನಡೆದಿತ್ತು. ಈಗ ಅದಕ್ಕೆ ಪುಟ್ಟಿ, ಪ್ರೈಮರು, ಎರಡು ಕೋಟ್ ಪ್ಲಾಸ್ಟಿಕ್ ಎಮಲ್ಷನ್. ಅಲ್ಲಿಗೆ ಗೋಡೆಯ ಉಸಿರು ಕಟ್ಟಿತು. ಆಮೇಲೆ ಅದೇ ಎಮಲ್ಷನ್ನಿನ ಮೇಲೆ ಚದರಡಿಗೆ ಇಷ್ಟು ಎಂದು ದುಡ್ಡು ಕೊಟ್ಟು ಟೆಕ್ಸ್‌ಚರ್ ಪೇಂಟ್ ಹೊಡೆಸುತ್ತಾರೆ. ಅದರ ಹೆಸರು 'ಮಡ್ ಫಿನಿಶ್'. ಅಸಲಿ ಮಣ್ಣು ಒಳಗೆ, ಮಣ್ಣಿನ ವೇಷ ಹೊರಗೆ, ನಡುವೆ ಪ್ಲಾಸ್ಟಿಕ್ಕು. ಆಷಾಢ ಕಳೆಯುವಷ್ಟರಲ್ಲಿ ಒಳಗಿನ ತೇವ ದಾರಿ ಹುಡುಕಿಕೊಂಡು ವೇಷವನ್ನು ಹಪ್ಪಳದ ಹಾಗೆ ಎಬ್ಬಿಸಿರುತ್ತದೆ. "ನಿಮ್ಮ ಕಡೆ ಹ್ಯುಮಿಡಿಟಿ ಜಾಸ್ತಿ ಸರ್" ಎಂದು ಫೋನಿನಲ್ಲಿ ಉತ್ತರ. ಹೊಸ ಸಮಾಚಾರ!

ನೆಲದ ಕತೆ ಇನ್ನೂ ಸೊಗಸು. ಅಲ್ಲಿ ರೆಡ್ ಆಕ್ಸೈಡ್ ಇತ್ತು, ಮೂರು ತಲೆಮಾರಿನ ಪಾದ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ನುಣುಪಾದದ್ದು. ಇಪ್ಪತ್ತು ವರ್ಷದ ಹಿಂದೆ, ಮಗಳ ಮದುವೆಗೆ ಬೀಗರು ಬರುತ್ತಾರೆ, ಕೆಂಪು ನೆಲ ನೋಡಿ ಏನಂದುಕೊಂಡಾರು ಎಂದು ಅದರ ಮೇಲೆ ಬಿಳಿ ಟೈಲ್ಸ್ ಕೂರಿಸಿದರು. ಈಗ ಟೈಲ್ಸ್ ಔಟ್‌ಡೇಟೆಡ್. ಕೀಳುವಾಗ ಅಡಿಯ ಕೆಂಪು ನೆಲವೂ ಹೆಕ್ಕಳೆ ಹೆಕ್ಕಳೆಯಾಗಿ ಎದ್ದು ಬಂತು. ಎರಡನ್ನೂ ಟ್ರ್ಯಾಕ್ಟರಿಗೆ ತುಂಬಿ ಹೊಂಡಕ್ಕೆ ಸುರಿದು, 'ರೆಡ್ ಆಕ್ಸೈಡ್ ಲುಕ್' ಇರುವ ಟೈಲ್ಸ್ ತರಿಸಿದರು, ಗುಜರಾತಿನ ಮೋರ್ಬಿಯಿಂದ.

ತಲೆಬಾಗಿಲು ಗಿಡ್ಡ. ಅದಕ್ಕೆ 'ಕ್ಯಾರೆಕ್ಟರ್' ಇದೆಯಂತೆ, ಮುಟ್ಟಕೂಡದು. ಆದರೆ ಡಬಲ್ ಡೋರ್ ಫ್ರಿಜ್ ಅದರಲ್ಲಿ ನುಗ್ಗಲಿಲ್ಲ. ಬಾಗಿಲು ಉಳಿಸುವುದಕ್ಕೋಸ್ಕರ ಪಕ್ಕದ ಗೋಡೆ ಒಡೆದರು.

ಇನ್ನು ಪಾತ್ರೆ ಪಡಗ. ದುಡಿಯುತ್ತಿದ್ದ ವಸ್ತುಗಳಿಗೆಲ್ಲ ಬಡ್ತಿ ಸಿಕ್ಕಿತು. ಬಡ್ತಿ ಎಂದರೆ ಇನ್ನು ಮೇಲೆ ಕೆಲಸ ಮಾಡುವಂತಿಲ್ಲ. ಬಚ್ಚಲ ಒಲೆಯ ಮೇಲಿದ್ದ ತಾಮ್ರದ ಹಂಡೆಯ ತಳಕ್ಕೆ ತೂತು ಕೊರೆದು ಪೈಪು ಸಿಕ್ಕಿಸಿ ವಾಶ್‌ಬೇಸಿನ್ ಮಾಡಿದರು. ಮೊಣಕೈ ಮುಳುಗುವಷ್ಟು ಆಳ, ಕೈ ತೊಳೆಯಲು ಹೋದವರು ಅಂಗಿ ಬದಲಿಸಿಕೊಂಡು ಬರಬೇಕು. ಭತ್ತದ ಕಣಜ ಬಾರ್ ಕ್ಯಾಬಿನೆಟ್ ಆಯಿತು. ಒರಳುಕಲ್ಲಿಗೆ ನೀರು ತುಂಬಿ, ಎರಡು ಪ್ಲಾಸ್ಟಿಕ್ ತಾವರೆ ಬಿಟ್ಟು, ಅಡಿಯಲ್ಲಿ ನೀಲಿ ಎಲ್‌ಇಡಿ ಉರಿಸಿದರು.

ಮನೆಯ ಅಜ್ಜಿ ಬಂದು ಬಗ್ಗಿ ನೋಡಿದರು. "ತಮಾ, ಇನ್ನು ಇದ್ರಲ್ಲಿ ಹಿಟ್ಟು ರುಬ್ಬಂಗಿಲ್ವನಾ?"

"ಇದು ಈಗ ವಾಟರ್ ಬಾಡಿ ಅಜ್ಜಿ."

"ಹೌದಾ. ಸೊಳ್ಳೆಗೆ ಅನುಕೂಲ ಆತು ಬಿಡು."

ಅಡುಗೆಮನೆಯ ಗೋಡೆ ತೆಗೆದು 'ಓಪನ್ ಕಿಚನ್' ಮಾಡಿದ್ದಾರೆ, ನಡುವೆ ಗ್ರಾನೈಟಿನ ದ್ವೀಪ. ಮೊದಲ ದಿನವೇ ಒಣಮೆಣಸಿನ ಒಗ್ಗರಣೆಯ ಘಾಟಿಗೆ ಮಾಲೀಕರಿಂದ ಹಿಡಿದು ಎಲೆಕ್ಟ್ರಿಷಿಯನ್ ತನಕ ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದರು. ಅಂದಿನಿಂದ ದ್ವೀಪದಲ್ಲಿ ಗ್ರೀನ್ ಟೀ ಮಾತ್ರ. ಸಾರು, ಪಲ್ಯ, ಮೀನು ಬೇಯುವುದೆಲ್ಲ ಹಿತ್ತಲ ತಗಡಿನ ಶೆಡ್ಡಿನಲ್ಲಿ. ಅಜ್ಜಿಯ ಮಂಚವೂ ಅಲ್ಲಿಗೇ ಹೋಗಿದೆ, ಸೋಫಾ ಸೆಟ್ಟಿಗೆ ಅದು ಮ್ಯಾಚ್ ಆಗುತ್ತಿರಲಿಲ್ಲ.

ಹೀಗೆ ಕಳಚಿದ ಕಂಬ, ಬೋದಿಗೆ, ಜಂತಿಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಚಿಂತೆ ಬೇಡ. ಗುಜರಿಯವನು ಕಟ್ಟಿಗೆಯ ತೂಕಕ್ಕೆ ಒಯ್ದದ್ದು ಬೆಂಗಳೂರಿಗೆ ಹೋಗಿ ಆಂಟಿಕ್ ಆಗುತ್ತದೆ. ಸಾಲದೆ ಬಂದರೆ ತಮಿಳುನಾಡಿನ ಚೆಟ್ಟಿನಾಡು ಸೀಮೆಯ ಕಾರೈಕುಡಿಯಿದೆ, ಅಲ್ಲಿ ಕೆಡವಿದ ಬಂಗಲೆಗಳ ಕಂಬ ಬಾಗಿಲುಗಳಿಗೇ ಒಂದು ಪೇಟೆ. ಕೊಳ್ಳುವವರು ಇದೇ ಮಲೆನಾಡಿನಿಂದ ಹೋಗಿ ಹದಿನಾಲ್ಕನೇ ಮಹಡಿಯಲ್ಲಿ ಫ್ಲಾಟ್ ಹಿಡಿದವರು. ಆ ಹಾಲ್‌ನಲ್ಲಿ ಕಂಬ ನಿಂತಿದೆ. ತಲೆಗೂ ಸೀಲಿಂಗಿಗೂ ನಡುವೆ ಎರಡು ಇಂಚು ಸಂದು, ಅದನ್ನು ಪಿಒಪಿ ತುಂಬಿ ಮರದ ಬಣ್ಣ ಬಳಿದು ಮುಚ್ಚಿದ್ದಾರೆ. ಟಿವಿಯ ಸುತ್ತ ಗೋಡೆಗೆ ಮಂಗಳೂರು ಹಂಚು ಅಂಟಿಸಿದ್ದಾರೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಮಳೆಯನ್ನಷ್ಟೇ ಯೋಚಿಸಿದ್ದರು, ಪಾಪ. ಟಿವಿಯೂ ಸೋರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಅದಿರಲಿ, ನಮ್ಮ ತೊಟ್ಟಿಗೆ ಬರೋಣ. ಬಿಸಿಗಾಳಿ ಮೇಲೇರಿ ಹೊರಹೋಗಲಿ, ಬೆಳಕು ಒಳಬರಲಿ ಎಂದು ಹಿರಿಯರು ಮನೆಯ ನಡುವೆ ಆಕಾಶಕ್ಕೆ ಜಾಗ ಬಿಟ್ಟಿದ್ದರು. ಧೂಳು ಬೀಳುತ್ತದೆ ಎಂದು ಡಿಸೈನರ್ ಗಾಜು ಹೊದಿಸಲು ಹೊರಟ. ಬ್ರಹ್ಮಸ್ಥಾನ ಮುಚ್ಚಿದರೆ ಯಜಮಾನನಿಗೆ ಕೇಡು ಎಂದು ವಾಸ್ತುವಿನವರು ತಡೆದರು. ಎರಡು ಶಾಸ್ತ್ರಗಳ ನಡುವೆ ರಾಜಿಯಾಗಿ ಕೊನೆಗೆ ಬಂದದ್ದು ರಿಮೋಟ್ ಒತ್ತಿದರೆ ಸರಿಯುವ ಗಾಜಿನ ಛಾವಣಿ. ಗೃಹಪ್ರವೇಶದ ದಿನ ಮುಹೂರ್ತಕ್ಕೆ ಸರಿಯಾಗಿ ತೆರೆದು, ಬ್ರಹ್ಮನಿಗೆ ಮುಖ ತೋರಿಸಿ, ಮುಚ್ಚಿದರು. ಗಾಜಿನಡಿ ಸೆಕೆ ಕುದಿಯತೊಡಗಿದ್ದಕ್ಕೆ ಎರಡು ಟನ್ನಿನ ಎ.ಸಿ. ಬಂತು, ಫ್ಯಾನೇ ಕೇಳದಿದ್ದ ಮನೆಗೆ.

ಜುಲೈಯಲ್ಲಿ ನೆಂಟರಿಗೆ ತೋರಿಸೋಣ ಎಂದು ಯಜಮಾನರು ರಿಮೋಟ್ ಒತ್ತಿದರು. ಛಾವಣಿ ಅರ್ಧ ಸರಿಯಿತು, ಕರೆಂಟು ಹೋಯಿತು. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಹೊಯ್ಯುವ ಆಗುಂಬೆಯ ಸೀಮೆ ಅದು. ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಮೂರು ದಿನಕ್ಕೆ ಬಂದರೂ ಪುಣ್ಯ. ಹಳೆಯ ತೊಟ್ಟಿಯಲ್ಲಿ ನೀರು ಹೋಗಲು ಕಲ್ಲಿನ ಬಚ್ಚಲುಗಂಡಿ ಇತ್ತು. 'ಫ್ಲೋರ್ ಲೆವೆಲ್' ಒಂದೇ ಇರಬೇಕೆಂದು ಅದನ್ನು ಮುಚ್ಚಿ, ತೊಟ್ಟಿಯನ್ನೂ ತುಂಬಿಸಿ, ಮಾರ್ಬಲ್ ಹಾಸಿದ್ದರು. ನೀರು ಸೋಫಾದ ಕಾಲು ಹಿಡಿಯಿತು. "ಹಂಡೆ ತನ್ನಿ, ಹಂಡೆ!" ಎಂದು ಯಜಮಾನರು ಕೂಗಿದರು. ತಂದು ಇಟ್ಟರು. ತಳದ ತೂತಿನಿಂದ ನೀರು ಧಾರಾಳವಾಗಿ ಹರಿಯಿತು.

ಡಿಸೈನರ್‌ಗೆ ಫೋನ್ ಹೋಯಿತು. ಅವನು ಬೆದರಲಿಲ್ಲ. "ವಿಡಿಯೊ ಮಾಡಿ ಕಳಿಸಿ ಸರ್" ಎಂದ.

ಈಗ ಅದು ಹೋಮ್‌ಸ್ಟೇ. 'ಮನೆಯೊಳಗೇ ಮಲೆನಾಡ ಮಳೆ', ಒಬ್ಬರಿಗೆ ರಾತ್ರಿಗೆ 6500 ರೂಪಾಯಿ, ವಾರಾಂತ್ಯದಲ್ಲಿ ಹೆಚ್ಚು. ಶೆಡ್ಡಿನಲ್ಲಿ ಅಜ್ಜಿಯ ಜತೆ ಕೂತು ಕಡುಬು ತಿನ್ನುವುದಾದರೆ ಅದಕ್ಕೆ ಬೇರೆ ಚಾರ್ಜು.