ಕೊರ್ಡೋಬಾಕ್ಕೆ ಅರ್ಧ ದಿನ ಸಾಕಾ?

ಸ್ಪೇನಿಗೆ ಹೊರಟ ಗೆಳೆಯರು ಪ್ಲಾನ್ ಕಳಿಸಿ "ಒಂದ್ಸಲ ನೋಡಿ ಹೇಳು" ಅಂತಾರೆ. ನೋಡಿದರೆ ಕೊರ್ಡೋಬಾಕ್ಕೆ ಸಿಕ್ಕಿರುವುದು ಮ್ಯಾಡ್ರಿಡ್ ಮತ್ತು ಸೆವಿಲ್ಯ ನಡುವೆ ಅರ್ಧ ದಿನ. ಸ್ಟೇಷನ್ನಿನಲ್ಲಿ ಲಗೇಜು, ಕೈಯಲ್ಲಿ ಫೋನು, ಸಂಜೆಗೆ ರೈಲು. ಮ್ಯಾಡ್ರಿಡ್‌ನಿಂದ ಎರಡು ಗಂಟೆಯೊಳಗೆ ತಲುಪಿಸುವ ಆ ವೇಗದ ರೈಲೇ ಊರಿಗೆ ಶತ್ರು. ಮೊದಲ ಸಲ ನಾನೂ ಹಾಗೇ ಮಾಡಿ ಬಂದವನು. ಎರಡನೇ ಸಲ ಐದು ದಿನ ಉಳಿದೆವು.

ಊರಿನ ಹಳೇ ದೊಡ್ಡ ಮಸೀದಿ ಮೆಸ್ಕೀಟಾ ಬಗ್ಗೆ ಎಲ್ಲರೂ ಬರೆಯುತ್ತಾರೆ, ಆದರೂ ನನ್ನದೊಂದು ಮಾತು. 785ರ ಸುಮಾರಿಗೆ ಶುರುವಾದ ಆ ಮಸೀದಿಗೆ ಮೊದಲು ತಂದದ್ದು ಹಳೇ ರೋಮನ್ ಕಟ್ಟಡಗಳ, ಅವರ ನಂತರ ಸ್ಪೇನ್ ಆಳಿದ ವಿಸಿಗೋಥರ ಕಟ್ಟಡಗಳ ಕಂಬಗಳನ್ನು. ಅವು ಗಿಡ್ಡ. ಅಷ್ಟಕ್ಕೇ ಸೂರು ಕೂರಿಸಿದ್ದರೆ ಒಳಗೆ ಉಸಿರುಗಟ್ಟುತ್ತಿತ್ತು. ಅದಕ್ಕೇ ಕಮಾನಿನ ಮೇಲೆ ಇನ್ನೊಂದು ಕಮಾನು, ಕೆಂಪು ಇಟ್ಟಿಗೆ, ಬಿಳಿ ಕಲ್ಲು. ನಾವು ಬಾಯಿಬಿಟ್ಟು ನೋಡುವ ಆ ಅಂದ ಹುಟ್ಟಿದ್ದು ಕೊರತೆಯಿಂದ! ಈಗ 850ಕ್ಕೂ ಹೆಚ್ಚು ಕಂಬಗಳಿವೆ. 1236ರಲ್ಲಿ ಊರು ಕ್ರೈಸ್ತ ದೊರೆಯ ಕೈಸೇರಿತು, ಮಸೀದಿ ಚರ್ಚಾಯಿತು. 1523ರಲ್ಲಿ ನಟ್ಟನಡುವೆ ಒಡೆದು ಕಥೀಡ್ರಲ್ ಎಬ್ಬಿಸತೊಡಗಿದರು. ನಗರಸಭೆಯೇ ವಿರೋಧಿಸಿತ್ತು. ಅದನ್ನು ನೋಡಿ ಹಲುಬುವವರಿಗೆ ನಾನು ಸೆವಿಲ್ಯ ತೋರಿಸುತ್ತೇನೆ: ಅಲ್ಲಿ ದೊಡ್ಡ ಮಸೀದಿಯನ್ನೇ ಕೆಡವಿದರು, ಉಳಿದದ್ದು ಮಿನಾರು, ಅಂಗಳ ಅಷ್ಟೆ.

ಮಧ್ಯಾಹ್ನ ಎರಡರ ಮೇಲೆ ಅಂಗಡಿಗಳೆಲ್ಲ ಬಾಗಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ತಪ್ಪೇನಿಲ್ಲ. ಉಂಡು ಮಲಗಿ. ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಎಣ್ಣೆ ರುಬ್ಬಿದ ತಣ್ಣನೆಯ ಸಾಲ್ಮೊರೇಹೊ ಸಿಗುತ್ತದೆ. ಸಸ್ಯಾಹಾರಿಗಳೇ, "ಸಿನ್ ಹಾಮೋನ್, ಸಿನ್ ಹುಯೆವೊ" ಅನ್ನಲು ಮರೆತರೆ ಮೇಲೆ ಹಂದಿಮಾಂಸ, ಮೊಟ್ಟೆ ಉದುರಿಸಿಕೊಂಡೇ ಬರುತ್ತದೆ. ನನ್ನ ಹೆಂಡತಿಯ ಮೊದಲ ಬಟ್ಟಲು ಹಾಗೇ ನನ್ನ ಪಾಲಾಯಿತು. ಇನ್ನೊಂದು, ಕರಿದ ಬದನೆಕಾಯಿಯ ಮೇಲೆ ಕಬ್ಬಿನ ಪಾಕ. ಅವರು ಅದನ್ನು ಕಬ್ಬಿನ ಜೇನು ಅಂತಾರೆ. ನಾಲಿಗೆಗೆ ಇಟ್ಟುಕೊಂಡೆ: ನಮ್ಮ ಜೋನಿ ಬೆಲ್ಲ!

ಮನೆಗಳ ಅಂಗಳಗಳಲ್ಲಿ ಗೋಡೆಯ ತುಂಬ ಹೂಕುಂಡ. ದೋಟಿಯಂಥ ಉದ್ದ ಕೋಲಿನ ತುದಿಗೆ ತಗಡಿನ ಡಬ್ಬ ಕಟ್ಟಿ, ಮೇಲಿನ ಕುಂಡಕ್ಕೆ ಅಜ್ಜಿಯೊಬ್ಬರು ಒಂದು ಹನಿ ಚೆಲ್ಲದೆ ನೀರು ಹಾಕುತ್ತಿದ್ದರು.

ಊರು ಬಿಟ್ಟು ದಕ್ಷಿಣಕ್ಕೆ ಹೊರಟರೆ ಕಣ್ಣು ಹೋದಷ್ಟೂ ಆಲಿವ್, ಗುಡ್ಡದ ನೆತ್ತಿಯವರೆಗೂ ಸಾಲುಸಾಲು. ಅಲ್ಲಿನ ಬಾಯೆನಾ ಅನ್ನುವ ಊರು ಆಲಿವ್ ಎಣ್ಣೆಗೆ ಹೆಸರುವಾಸಿ. ಹೊಸ ಎಣ್ಣೆ ಗಂಟಲಲ್ಲಿ ಕಾಳುಮೆಣಸಿನ ಹಾಗೆ ಚುರುಗುಟ್ಟುತ್ತದೆ. ಎಣ್ಣೆಗೆ ಅವರು ಹೇಳುವ 'ಅಸೆಯ್ತೆ' ಅರಬ್ಬಿಯಿಂದ ಬಂದದ್ದು, ಕೊರ್ಡೋಬಾದ ನದಿ ಗ್ವಾದಲ್ಕಿವಿರ್ ಕೂಡ ಅಷ್ಟೆ, ಅರ್ಥ 'ದೊಡ್ಡ ಹೊಳೆ'. ಬಸ್ಸು ಕಮ್ಮಿ, ವಾಪಸಿನ ಸಮಯ ಮೊದಲೇ ನೋಡಿಕೊಳ್ಳಿ. ನಾವು ನೋಡಿಕೊಂಡಿರಲಿಲ್ಲ.

ಅದೇ ಕಡೆಯ ಇನ್ನೊಂದು ಊರು ಪ್ರಿಯೆಗೊದಲ್ಲಿ ಒಂದು ಕಾರಂಜಿ ಇದೆ, ಫುಯೆಂತೆ ದೆಲ್ ರೇ. ನೀರು ಉಗುಳುವ ಬಾಯಿಗಳು 139. ಮಗಳು ಎಣಿಸಲು ಹೋಗಿ ಎಪ್ಪತ್ತರ ಹತ್ತಿರ ತಪ್ಪಿ, ಮತ್ತೆ ಒಂದರಿಂದ ಶುರುಮಾಡಿದಳು. ಬಸ್ಸು ಹೋಗಿಯಾಗಿತ್ತು, ಎಣಿಸಲಿ ಅಂತ ಬಿಟ್ಟೆವು.