ಹಳದಿ ಜ್ವರದ ಲಸಿಕೆಗೆ 10 ದಿನದ ಲೆಕ್ಕ ಇದೆ

ವಿದೇಶಕ್ಕೆ ಹೊರಡುವ ಒಂದು ತಿಂಗಳು ಮೊದಲು ಲಸಿಕೆ ನೋಡಿಕೊಂಡರೆ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಅದು ಕಡಿಮೆ ಅನ್ನಿಸಿತು. ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಮುಗಿಯಲು ಸಾಮಾನ್ಯವಾಗಿ 6 ತಿಂಗಳು ಬೇಕು, ಅಲ್ವಾ?

ನಮ್ಮ ಕಾರವಾರದ ಕಡೆಯಿಂದ ಹಡಗಿನ ಕೆಲಸಕ್ಕೆ ಹೋಗುವ ಹುಡುಗರಿದ್ದಾರೆ. ನನ್ನ ಅಕ್ಕನ ಮಗ ನೈಜೀರಿಯಾದಲ್ಲಿ ಹಡಗು ಹತ್ತಬೇಕಿತ್ತು. ಅಲ್ಲಿಗೆ ಹಳದಿ ಜ್ವರದ (ಆಫ್ರಿಕಾ ಕಡೆ ಸೊಳ್ಳೆಯಿಂದ ಹರಡುವ ರೋಗ) ಲಸಿಕೆ ಬೇಕು. ಲಸಿಕೆ ಹಾಕಿಸಿದ್ದಕ್ಕೆ ಪುರಾವೆಯಾಗಿ ಒಂದು ಕಾರ್ಡ್ ಕೊಡುತ್ತಾರೆ, ಹಾಕಿಸಿ 10 ದಿನ ಕಳೆದ ಮೇಲೆಯೇ ಆ ಕಾರ್ಡ್ ನಡೆಯುವುದು. ಅವನು ಹಾಕಿಸಿದ್ದು ಹೊರಡುವ 4 ದಿನ ಮೊದಲು. ಏಜೆಂಟ್ ಹೇಳಿರಲೇ ಇಲ್ಲ. ಟಿಕೆಟ್ ಹೋಯಿತು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. 2016ರ ಜುಲೈನಿಂದ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ. ಹಾಗಾಗಿ ಹಡಗಿನ ತರಬೇತಿಗೆ ಸೇರಿದಾಗಲೇ ಹಾಕಿಸಿಬಿಡಿ.